ಪುಕ್ಕಟೆ ಲಾಯರಮ್ಮ

ಸರ್ಕಾರ ಕೊಟ್ಟ ಲಾಯರಮ್ಮನನ್ನು ದರ್ಜಿ ಅಕ್ಕ ಮೊದಲ ನೋಟಕ್ಕೇ ನಂಬಲಿಲ್ಲ. ಫೀಸು ಕೇಳದ ವಕೀಲರೆಂದರೆ ಪೊಲೀಸರ ಕಡೆಯವರೇ ಎಂದು ಗಂಡ ಆಗಲೇ ಕಿವಿ ಊದಿದ್ದ.

ಅವಳ ತಮ್ಮ ಕ್ಷೌರದಂಗಡಿಯಲ್ಲಿ ಕೆಲಸಕ್ಕಿದ್ದವನು. ಗಡಿಯಾರದಂಗಡಿಯ ಮುದುಕರನ್ನು ಬೀದಿಯಲ್ಲಿ ಕೆಡವಿ, ಚೀಲ ಕಿತ್ತುಕೊಂಡು ಸ್ಕೂಟರಿನಲ್ಲಿ ಪರಾರಿಯಾದ ಎಂಬುದು ಆರೋಪ. ಸ್ಕೂಟರ್ ಅವನದೇ, ಹೆಲ್ಮೆಟ್ಟಿನೊಳಗಿನ ಮುಖವನ್ನು ಮಾತ್ರ ಯಾರೂ ಕಂಡಿರಲಿಲ್ಲ. ಕತ್ತರಿಗಿಂತ ಜೋರಾಗಿ ನಾಲಿಗೆ ಆಡಿಸುತ್ತಿದ್ದವನು ಈಗ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಇವನೇ ಮಾಡಿರಬಹುದೇ ಎಂಬ ಅನುಮಾನ ಅಕ್ಕನನ್ನೂ ಒಳಗೊಳಗೇ ಕೊರೆಯುತ್ತಿತ್ತು.

“ಒಪ್ಕೊಂಡು ಬಿಡ್ಲಿ ಕಣೇ. ಸಣ್ಣ ಕಳ್ಳತನ ಅಂತ ಬೇಗ ಬಿಟ್ಟು ಕಳಿಸ್ತಾರೆ.” ಗಂಡನದು ಇದೇ ರಾಗ.

ಜೈಲಿನ ಭೇಟಿ ಕೋಣೆಯಲ್ಲಿ, ಜಾಲರಿಯ ಆಚೆ ಕೂತ ತಮ್ಮನೂ ಅದನ್ನೇ ಹಾಡಿದ. “ಒಪ್ಕೋತೀನಿ ಮೇಡಂ. ಕಳ್ಳತನ ತಾನೇ?”

“ಅಲ್ಲಪ್ಪ. ಗೊತ್ತಾಗದ ಹಾಗೆ ಎತ್ಕೊಂಡು ಹೋದ್ರೆ ಕಳ್ಳತನ. ಹೊಡೆದೋ ಹೆದರಿಸಿಯೋ ಕಿತ್ಕೊಂಡ್ರೆ ಸುಲಿಗೆ. ನಿನ್ನ ಮೇಲೆ ಹಾಕಿರೋದು ಅದನ್ನೇ. ವರ್ಷಗಟ್ಟಲೆ ಒಳಗಿರ್ಬೇಕಾಗುತ್ತೆ.”

ತಮ್ಮನ ಮುಖ ಬಿಳಿಚಿಕೊಂಡಿತು.

“ನಿನ್ನ ಅಂಗಡಿ ಯಜಮಾನ್ರನ್ನ ಕೇಳ್ದೆ,” ಲಾಯರಮ್ಮ ದನಿ ತಗ್ಗಿಸಿದಳು. “ಆ ಸಂಜೆಯೆಲ್ಲ ನೀನು ಅಂಗಡೀಲೇ ಇದ್ಯಂತೆ. ಹಾಗಾದ್ರೆ ಸ್ಕೂಟರ್ ಯಾರ ಹತ್ರ ಇತ್ತು?”

ತಮ್ಮ ಲಾಯರಮ್ಮನ ಪಕ್ಕ ಕೂತಿದ್ದ ಅಕ್ಕನ ಕಡೆ ನೋಡಿ ತಲೆ ತಗ್ಗಿಸಿದ. “ಅಕ್ಕ, ನೀನು ಸ್ವಲ್ಪ ಆಚೆ ಹೋಗು.”

ಅಕ್ಕ ಏಳಲಿಲ್ಲ. ಆ ಸಂಜೆ ಸ್ಕೂಟರಿನ ಸದ್ದು ಕೇಳಿ, ತಮ್ಮ ಬಂದನೆಂದು ಬಾಗಿಲು ತೆಗೆದಿದ್ದಳು. ಒಳಗೆ ಬಂದವನು ಗಂಡ. ಮೊಣಕೈ ತರಚಿತ್ತು, ಮೆಟ್ಟಿಲಲ್ಲಿ ಜಾರಿದೆ ಎಂದಿದ್ದ. ಮುಲಾಮು ಹಚ್ಚಿದವಳು ಇವಳೇ.

“ಬರ್ಕೊಳ್ಳಿ ಮೇಡಂ,” ಅಂದಳು ಅಕ್ಕ. “ಸ್ಕೂಟರ್ ನಮ್ಮ ಮನೆಯವ್ರ ಹತ್ರ ಇತ್ತು.”

“ಅಕ್ಕ, ನಿನ್ನ ಸಂಸಾರ...”

“ಬಾಯಿ ಮುಚ್ಚು! ಇಷ್ಟು ದಿನ ಮುಚ್ಕೊಂಡಿದ್ದೆಯಲ್ಲ, ಇನ್ನೊಂದು ಗಳಿಗೆ ಮುಚ್ಕೊಂಡಿರು.”

ಪೊಲೀಸರು ಮನೆಗೆ ಬಂದಾಗ ಮುದುಕರ ಚೀಲ ಅಟ್ಟದ ಮೇಲೆ ಸಿಕ್ಕಿತು. ಬಾಗಿಲಲ್ಲಿ ಗಂಡ ತಿರುಗಿ ನಿಂತ. “ನೀನೇ ಹೇಳಿದ್ಯಾ?”

“ಹೌದು ರೀ, ನಾನೇ.” ಅವಳು ಕಣ್ಣು ತಪ್ಪಿಸಲಿಲ್ಲ.

ತಮ್ಮನಿಗೆ ಜಾಮೀನು ಸಿಕ್ಕ ದಿನ ಕೋರ್ಟಿನ ವರಾಂಡದಲ್ಲಿ ಲಾಯರಮ್ಮನನ್ನು ತಡೆದು ಕೇಳಿದಳು. “ಅವರಿಗೂ ಯಾರಾದ್ರೂ ವಕೀಲರು ಸಿಗ್ತಾರಾ?”

“ಸಿಗ್ತಾರಮ್ಮ. ಕೇಳೋದು ಅವರ ಹಕ್ಕು. ಆದ್ರೆ ನಿಮ್ಮ ತಮ್ಮನ ವಕೀಲಳಾಗಿರೋದ್ರಿಂದ ಅವರ ಪರ ನಾನು ನಿಲ್ಲೋ ಹಾಗಿಲ್ಲ, ಬೇರೆಯವರು ಬರ್ತಾರೆ.”

ಅಕ್ಕ ತಲೆಯಾಡಿಸಿದಳು. ಆಮೇಲೆ ತಮ್ಮನ ಬೆನ್ನಿಗೊಂದು ಗುದ್ದು ಗುದ್ದಿ, ಅದೇ ಕೈಯಿಂದ ಅವನ ರಟ್ಟೆ ಹಿಡಿದುಕೊಂಡು ಬಸ್ಸಿನ ಕಡೆ ನಡೆದಳು.