ಎದ್ದು ನಿಲ್ಲುವ ಕಾಡಪ್ಪನವರು

ಫೋನಿನಲ್ಲಿ ಯಾರ ಜೊತೆ ಮಾತಾಡುತ್ತಿದ್ದಾರೆ ಎಂಬುದನ್ನು ಕಾಡಪ್ಪನವರ ಭಂಗಿ ನೋಡಿಯೇ ಹೇಳಿಬಿಡಬಹುದು. ಊರಿನ ತಮ್ಮನಾದರೆ ಕಾಲು ಚಾಚಿ ಕೂತಿರುತ್ತಾರೆ. ಗ್ಯಾಸಿನವನಾದರೆ ಗೋಡೆಗೆ ಒರಗಿರುತ್ತಾರೆ. ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿ, ಅಂತೂ ತಮಗಿಂತ ಮೇಲಿನವರೆಂದು ಅವರು ಭಾವಿಸಿದ ಯಾರದೇ ಕರೆ ಬರಲಿ, ತಟ್ಟನೆ ಎದ್ದು, ಹಿಮ್ಮಡಿ ಜೋಡಿಸಿ, ಖಾಲಿ ಕೈಯ ಹೆಬ್ಬೆರಳನ್ನು ಪ್ಯಾಂಟಿನ ಹೊಲಿಗೆಗೆ ಒತ್ತಿ ಹಿಡಿದು ಮಾತಾಡುತ್ತಾರೆ. ಬಾಗಲಗುಂಟೆಯಲ್ಲಿ ಅವರ ಮನೆಯ ಮಹಡಿಗೆ ಬಾಡಿಗೆಗೆ ಬಂದ ಹೊಸತರಲ್ಲಿ ಇದನ್ನು ಕಂಡು ನಾನು ಒಳಗೊಳಗೇ ನಕ್ಕಿದ್ದುಂಟು. ಈಗ ನಗು ಬರುವುದಿಲ್ಲ.

ಮುಧೋಳದ ಕಡೆಯ ಈ ಮನುಷ್ಯ ಮೀಸೆ ಮೂಡುವ ಮೊದಲೇ ಸೈನ್ಯ ಸೇರಿ, ಸುಬೇದಾರರಾಗಿ ನಿವೃತ್ತಿ ಹೊಂದಿ, ಆಮೇಲೆ ಜಾಲಹಳ್ಳಿಯ ಕಾರ್ಖಾನೆಯೊಂದರ ಗೇಟು ಕಾಯ್ದವರು. ಹಾಲು ತರಲು ಹೋಗುವಾಗಲೂ ಹಿಂದಿನಿಂದ ಯಾರೋ ಹೆಜ್ಜೆ ಎಣಿಸುತ್ತಿದ್ದಾರೇನೋ ಎಂಬಂಥ ನಡಿಗೆ. ಹಿತ್ತಾಳೆ ಗುಂಡಿಯ ಹಸಿರು ಕೋಟೊಂದಿದೆ. ಮದುವೆ, ಸಾವು ಮತ್ತು ಡಾಕ್ಟರು, ಈ ಮೂರಕ್ಕೆ ಮಾತ್ರ ಅದು ಪೆಟ್ಟಿಗೆಯಿಂದ ಹೊರಬರುತ್ತದೆ. ಬೆಳಗಾದರೆ ಹೊಸಿಲ ಬಳಿ ಕೂತು ಬೂಟಿಗೆ ಪಾಲಿಶು ತಿಕ್ಕುತ್ತಾರೆ, ಅದೇ ಬ್ರಷ್ಷಿನಲ್ಲಿ ಹೆಂಡತಿ ರತ್ನವ್ವನವರ ಚಪ್ಪಲಿಗೂ. "ನನ್ನ ಚಪ್ಪಲಿನೂ ಮಿಲಿಟರಿಗೆ ಭರ್ತಿ ಆಗ್ಯಾವ ನೋಡ್ರಿ" ಎಂದು ರತ್ನವ್ವ ನನ್ನ ಮುಂದೆ ಹೇಳಿ ನಗುತ್ತಿದ್ದರು.

ಪಲ್ಟನ್ನಿನ ಒಂದು ರೂಢಿಯನ್ನು ಕಾಡಪ್ಪನವರೇ ಒಮ್ಮೆ ವರ್ಣಿಸಿದ್ದರು. ಆಗಾಗ ಸಭೆ ಸೇರಿಸಿ, ದೊಡ್ಡ ಸಾಹೇಬರು ಎದುರಿಗೆ ನಿಂತು "ಕೋಯೀ ತಕ್ಲೀಫ್?", ಏನಾದರೂ ತೊಂದರೆಯೇ, ಎಂದು ಕೇಳುವುದು, ಅಕ್ಕಿಯಲ್ಲಿ ಕಲ್ಲಿರಲಿ, ತಾಯಿ ಸಾಯುತ್ತಿದ್ದರೂ ರಜೆ ಸಿಗದಿರಲಿ, ಅಷ್ಟೂ ಜನ ಒಂದೇ ಕಂಠದಲ್ಲಿ "ನಹೀ ಸಾಬ್" ಎನ್ನುವುದು. ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯೇ ಇತ್ತು.

ಹೋದ ವರ್ಷ ರತ್ನವ್ವ ಬಸ್ಸಿಳಿಯುವಾಗ, ಅಗೆದು ಬಿಟ್ಟ ರಸ್ತೆಯಲ್ಲಿ ಬಿದ್ದು ಕಾಲು ಮುರಿದುಕೊಂಡರು. ಮಾಜಿ ಸೈನಿಕರ ಕಾರ್ಡು ನಡೆಯುವ, ಹೆಬ್ಬಾಳದ ಕಡೆಯ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದಾಯಿತು. ಪ್ಲಾಸ್ಟರು ಹಾಕಿಸಿದ ಮೂಳೆ ವೈದ್ಯರು ಸೈನ್ಯದಿಂದ ನಿವೃತ್ತರಾದ ಕರ್ನಲ್. ಅಷ್ಟು ತಿಳಿದದ್ದೇ ತಡ, ಮರುದಿನ ಕೋಟು ಹೊರಬಂತು. ರಾತ್ರಿಯಿಂದಲೇ ರತ್ನವ್ವನವರ ಕಾಲು ಬಿಗಿದು ಸಿಡಿಯುತ್ತಿತ್ತು; ಬೆಳಗಾಗುವಷ್ಟರಲ್ಲಿ ಬೆರಳು ಬಣ್ಣಗೆಟ್ಟಿದ್ದವು. "ಬೆರಳಾಗ ಜೀವಾನ ಇಲ್ಲದಂಗ ಆಗೈತ್ರೀ, ಸಾಹೇಬ್ರಿಗೆ ಹೇಳ್ರಿ" ಎಂದು ಗಂಡನಿಗೆ ಹೇಳಿಯೂ ಇದ್ದರು. ಕರ್ನಲ್ ಸಾಹೇಬರು ಬಂದರು. ಮುಚ್ಚಿದ್ದ ಹೊದಿಕೆ ಎತ್ತಲಿಲ್ಲ, ಮಂಚದ ಮೇಲಿದ್ದವರ ಕಡೆ ನೋಡಲಿಲ್ಲ, ಕೋಟಿನ ಗುಂಡಿಗಳನ್ನು ಕಂಡು ಪ್ರಸನ್ನರಾಗಿ, ಗಂಡನನ್ನು ಕೇಳಿದರು: "ಕೋಯೀ ತಕ್ಲೀಫ್, ಸುಬೇದಾರ್ ಸಾಬ್?"

"ನಹೀ ಸಾಬ್."

ಆ ಉತ್ತರವನ್ನು ಕೊಟ್ಟದ್ದು ಬುದ್ಧಿಯಲ್ಲ, ಹಿಮ್ಮಡಿ. ರತ್ನವ್ವ ಕನ್ನಡದಲ್ಲಿ ಏನೋ ಹೇಳಹೊರಟರೆ, "ಸುಮ್ಕಿರು, ಸಾಹೇಬ್ರಿಗೆ ಗೊತ್ತಿರ್ತೈತಿ" ಎಂದು ಇವರೇ ಗದರಿದರು. ನರ್ಸಿಗೆ ಹೇಳಿದರೆ ನೋವಿನ ಮಾತ್ರೆ ಸಿಕ್ಕಿತು. ಬಿಗಿದ ಪ್ಲಾಸ್ಟರನ್ನು ಕೊನೆಗೆ ಯಾರೋ ಬಿಚ್ಚಿ ನೋಡುವ ಹೊತ್ತಿಗೆ ಪಾದ ಕಪ್ಪಿಟ್ಟಿತ್ತು. ಮೊಣಕಾಲ ಕೆಳಗೆ ಕತ್ತರಿಸಬೇಕಾಯಿತು.

ಮನೆಗೆ ಬಂದ ಮೇಲೂ ಕಾಡಪ್ಪನವರು ಹೆಂಡತಿಯ ಎರಡೂ ಚಪ್ಪಲಿಗೆ ಪಾಲಿಶು ತಿಕ್ಕುತ್ತಿದ್ದರು. "ಒಂದ ಸಾಕ್ರೀ" ಎಂದು ರತ್ನವ್ವ ಒಳಗಿನಿಂದ ಅಂದ ದಿನ ಬ್ರಷ್ಷನ್ನು ಅಲ್ಲೇ ಇಟ್ಟು ಎದ್ದುಹೋದರು. ಬೀದಿಯಲ್ಲಿ ಯಾರಾದರೂ "ಮನೇವ್ರು ಹೇಗಿದಾರೆ?" ಎಂದರೆ ತಲೆ ತಗ್ಗಿಸಿ ಗೋಡೆ ಪಕ್ಕ ಸರಿಯುತ್ತಿದ್ದರು. ದೂರು ಕೊಟ್ಟದ್ದು ರತ್ನವ್ವನವರೇ, ಹಟ ಹಿಡಿದು. ಆಸ್ಪತ್ರೆಯ ಸಮರ್ಥನೆಯೋ ಬಲು ಸರಳ: ಡಾಕ್ಟರು ವಿಚಾರಿಸಿದ್ದಾರೆ, ಗಂಡನೇ ತೊಂದರೆಯಿಲ್ಲ ಎಂದಿದ್ದಾನೆ. ಆ ಮಾತು ನಿಂತರೆ, ಕಾಲು ಹೋದದ್ದು ಮನೆಯವರ ತಪ್ಪಿನಿಂದ ಎಂದು ತೀರ್ಮಾನವಾಗುತ್ತಿತ್ತು. "ಖರೇನ ಐತಲ್ರೀ, ನಾನ ಅಂದೇನಿ. ಯಾವ ಮಾರಿ ಹೊತಗೊಂಡು ಹೋಗ್ಲಿ?" ಎಂದು ಕಾಡಪ್ಪನವರು ನನ್ನೆದುರು ಕಣ್ಣೀರಿಟ್ಟರು. ಅವರ ನಾಚಿಕೆ ನೋಡಲಾರದೆ ನಾನೇ ಬೇರೆಡೆ ಮುಖ ತಿರುಗಿಸಿದೆ.

ವಿಚಾರಣೆಯ ದಿನ ಅವರ ಜೊತೆಗೆ ನಾನೂ ಹೋಗಿದ್ದೆ. ದೂರು ವಿಚಾರಿಸುವ ಸಮಿತಿಯವರ ಮುಂದೆ ಕೂತಿದ್ದೆವು. ಕರ್ನಲ್ ಸಾಹೇಬರು ಒಳಗೆ ಬಂದದ್ದೇ ತಡ, ಕಾಡಪ್ಪನವರ ದೇಹ, ಅವರನ್ನು ಕೇಳದೆಯೇ, ಕುರ್ಚಿ ಬಿಟ್ಟು ಮೇಲೇಳತೊಡಗಿತು. ಗಾಲಿಕುರ್ಚಿಯಿಂದ ರತ್ನವ್ವ ಕೈ ಚಾಚಿ ಕೋಟಿನ ಅಂಚು ಹಿಡಿದರು.

"ಕುಂದರ್ರೀ. ನನಗ ನಿಂದ್ರಾಕ ಬರೂದಿಲ್ಲ."

ಅವರು ಕೂತರು. ಅಧಿಕಾರಸ್ಥರ ಎದುರು ಅವರು ಕೂತು ಮಾತಾಡಿದ್ದನ್ನು ನಾನು ಕಂಡದ್ದು ಅಂದೇ ಮೊದಲು. "ನಹೀ ಸಾಬ್ ಅಂದಾಂವ ನಾನ. ಆದ್ರ ಅದು ಜವಾಬು ಅಲ್ರೀ, ಸಲ್ಯೂಟು. ಸಾಹೇಬ್ರೂ ಪಲ್ಟನ್ನಿನ್ಯಾಗ ಇದ್ದವರು, ಅದು ಅವರಿಗೂ ಗೊತ್ತೈತಿ."

ಸಮಿತಿಯ ಹಿರಿಯರು ರತ್ನವ್ವನವರ ಕಡೆ ತಿರುಗಿ, "ಈಗೇನಾದ್ರೂ ತೊಂದ್ರೆ ಇದೆಯೇನಮ್ಮಾ?" ಎಂದರು.

"ಇಲ್ಲದ ಬೆರಳು ಇನ್ನೂ ನೋಯ್ತಾವ್ರೀ" ಎಂದರು ರತ್ನವ್ವ. "ನನ್ನ ಕೇಳಿದ್ದು ಇದ ಮೊದಲು."

ತಪ್ಪು ಆಸ್ಪತ್ರೆಯದೆಂದು ಸಮಿತಿಯವರು ಕೊನೆಗೆ ಒಪ್ಪಿದರು. ಕಾಡಪ್ಪನವರ ಮನಸ್ಸು ಅದರಿಂದ ಹಗುರವಾಗಲಿಲ್ಲ. ಆಸ್ಪತ್ರೆಯ ಕರೆ ಬಂದರೆ ಈಗಲೂ ಎದ್ದೇ ನಿಲ್ಲುತ್ತಾರೆ. ಆದರೆ ಹೇಗಿದ್ದಾರೆ ಎಂದು ಆ ಕಡೆಯವರು ಕೇಳಿದೊಡನೆ, "ಆಕೀನ್ನ ಕೇಳ್ರೀ" ಎಂದು ಫೋನನ್ನು ಹೆಂಡತಿಯ ಕೈಗೆ ಕೊಡುತ್ತಾರೆ.

ತಮಗೆ ಯಾವ ಕಷ್ಟವೂ ಇಲ್ಲವೆನ್ನುವವರನ್ನು ನಾವು ಧೀರರೆಂದು ಕೊಂಡಾಡುತ್ತೇವೆ. ಅವರ ಸಹನೆ ಅವರ ಮೈಮೇಲಷ್ಟೇ ಇದ್ದಾಗ ಅದು ಶೌರ್ಯವೇ ಹೌದು. ಆದರೆ ಅವರ ಬೆನ್ನ ಹಿಂದೆ ಮಾತಿಲ್ಲದೆ ಮಲಗಿದವರ ಪಾಲಿನದನ್ನೂ ಅವರೇ ಸಹಿಸಿಬಿಡುತ್ತಾರೆ. ಇಂಥವರನ್ನು ಹೀಗೆ ಪಳಗಿಸಿ, ಬೇಕಾದ ಉತ್ತರವನ್ನೇ ಅವರ ಬಾಯಿಂದ ಕೇಳಿ, ನೆಮ್ಮದಿಯಾಗಿ ಮುಂದಿನ ಮಂಚಕ್ಕೆ ಸಾಗುವವರು ನಾವು. ನಾಚಿಕೆಯನ್ನು ಮಾತ್ರ ಅವರಿಗೇ ಬಿಟ್ಟುಕೊಟ್ಟಿದ್ದೇವೆ.