ಎಪ್ಪತ್ತೆರಡು ಮೆಟ್ಟಿಲುಗಳ ಸದ್ದು

ಇಪ್ಪತ್ತಾರು ವರ್ಷ ಪತ್ರಿಕೆಗೆ ಬರೆದವನಿಗೆ ಮೂರು ನಿಮಿಷದ ವಿಡಿಯೊ ಮಾಡಿಕೊಡಿ ಎಂದರೆ ಮೈ ಉರಿಯದೆ ಇರುತ್ತದೆಯೇ? ಆಸ್ಪತ್ರೆಯ ಲಿಫ್ಟ್ ಕೆಟ್ಟು, ರೋಗಿಗಳನ್ನು ಮೂರನೇ ಮಹಡಿಗೆ ಹೊತ್ತೊಯ್ಯುತ್ತಿರುವ ಬಗ್ಗೆ ನಾನು ಬರೆದ ವರದಿಯನ್ನೇ ವಿಡಿಯೊ ಮಾಡಬೇಕಂತೆ. ಸಂಜೆಯೊಳಗೆ ಆಗದಿದ್ದರೆ ಸೋಮವಾರದಿಂದ ನಿಧನ ವಾರ್ತೆಯ ಪುಟ ನೋಡಿಕೊಳ್ಳಿ ಎಂದರು ಸಂಪಾದಕರು. ಆ ಪುಟಕ್ಕೆ ಹೋದ ವರದಿಗಾರರು ಮತ್ತೆ ಬೀದಿಗಿಳಿದದ್ದನ್ನು ನಾನು ಕಂಡಿಲ್ಲ.

ಎಡಿಟಿಂಗ್ ಕೋಣೆಗೆ ಕಿಟಕಿಯಿಲ್ಲ. ಇರುವ ಎರಡು ಕುರ್ಚಿಗಳಲ್ಲಿ ಕೈ ಮುರಿದದ್ದು ನನ್ನ ಪಾಲಿಗೆ ಬಂತು. ಎಡಿಟಿಂಗ್ ಹುಡುಗಿಗೆ ನನ್ನ ಮಗಳ ವಯಸ್ಸು. ಒಂಬೈನೂರು ಪದಗಳ ವರದಿಯನ್ನು ಮೈಕಿನ ಮುಂದೆ ಗತ್ತಿನಿಂದ ಓದತೊಡಗಿದೆ. ಮೊದಲ ಪ್ಯಾರಾಕ್ಕೇ ಅವಳು ನಿಲ್ಲಿಸಿದಳು. ಎಲ್ಲವನ್ನೂ ಮೊದಲೇ ಸುರಿದುಬಿಟ್ಟರೆ ಮುಂದಿನದನ್ನು ಯಾರು ನೋಡುತ್ತಾರೆ ಎಂದಳು. ನಮ್ಮ ಕಸುಬೇ ಅದು ಎಂದು ರೇಗಿದೆ. ಮೆಟ್ಟಿಲುಗಳ ದೃಶ್ಯ ಕೇಳಿದಳು. ಇರಲಿಲ್ಲ. ಎಪ್ಪತ್ತೆರಡು ಮೆಟ್ಟಿಲುಗಳನ್ನು ಎರಡು ಸಲ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ, ಒಂದನ್ನೂ ಸೆರೆಹಿಡಿದಿರಲಿಲ್ಲ. ಇದ್ದದ್ದು ‘ಲಿಫ್ಟ್ ಕೆಟ್ಟಿದೆ’ ಎಂಬ ಬೋರ್ಡಿನ ಒಂದು ಫೋಟೊ. ಸೋಮವಾರ ಕಣ್ಣ ಮುಂದೆ ಬಂತು.

ಅವಳು ನನ್ನ ಫೋನು ಇಸಿದುಕೊಂಡಳು. ಸ್ಟ್ರೆಚರ್ ಹೊರುವ ಅಟೆಂಡರ್ ಜೊತೆ ನಾನು ಮಾತಾಡಿದ್ದು ಆರು ನಿಮಿಷ, ರೆಕಾರ್ಡ್ ಆಗಿದ್ದು ಇಪ್ಪತ್ಮೂರು. ನಿಲ್ಲಿಸುವುದನ್ನು ಮರೆತು, ಫೋನನ್ನು ಜೇಬಿಗೆ ಹಾಕಿಕೊಂಡು ಅವನೂ ಇನ್ನೊಬ್ಬನೂ ಹೊತ್ತ ಸ್ಟ್ರೆಚರಿನ ಹಿಂದೆಯೇ ಮೆಟ್ಟಿಲು ಹತ್ತಿದ್ದೆ.

ಅವಳು ಅದನ್ನೇ ಹಾಕಿ ಕೇಳಿಸಿದಳು: ಚಪ್ಪಲಿಗಳ ಸದ್ದು, ಏದುಸಿರು. ಎರಡನೇ ಮಹಡಿಯ ತಿರುವಿನಲ್ಲಿ ಸ್ಟ್ರೆಚರ್ ಮೇಲಿದ್ದ ಅಜ್ಜಿಯ ದನಿ:

“ಇಳಿಸಪ್ಪ ಒಂದ್ನಿಮಿಷ. ನೀನು ಉಸಿರು ತಗೋ.”

ಹಿಂದೆಯೇ ನನ್ನದು: “ಅಜ್ಜಿ, ನಿಮ್ಮ ವಯಸ್ಸೆಷ್ಟು?”

ಹುಡುಗಿ ತುಟಿ ಕಚ್ಚಿ ನಗು ತಡೆದಳು. ಉತ್ತರದ ಬದಲು ಏದುಸಿರಷ್ಟೇ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ನನ್ನ ದನಿಯೇ: “ಕೊಡಪ್ಪ, ಈ ಕಡೆ ನಾನು ಹಿಡ್ಕೋತೀನಿ.”

ನಾಚಿಕೆಯಾಯಿತು. ವರದಿಗಾರ ಸುದ್ದಿಯ ಹೊರಗಿರಬೇಕು ಎಂದು ನಾನು ಸ್ಟ್ರೆಚರಿಗೆ ಕೈಹಾಕಿದ್ದನ್ನು ಯಾರಿಗೂ ಹೇಳಿರಲಿಲ್ಲ. ಅಜ್ಜಿಯ ಮಾತು ಯಾವ ಅಧಿಕಾರಿಯ ಹೇಳಿಕೆಯೂ ಅಲ್ಲವೆಂದು ಅದನ್ನೂ ಬಿಟ್ಟಿದ್ದೆ. ನನ್ನ ದನಿಯನ್ನಾದರೂ ತೆಗಿ ತಾಯಿ ಎಂದು ಬೇಡಿಕೊಂಡೆ. ಜಪ್ಪಯ್ಯ ಅಂದರೂ ಅವಳು ಒಪ್ಪಲಿಲ್ಲ. ಬೋರ್ಡಿನ ಫೋಟೊ ಹಾಕಿ, ಆಮೇಲೆ ಬರೀ ಕಪ್ಪು ತೆರೆಯ ಮೇಲೆ ಒಂದೊಂದೇ ಮೆಟ್ಟಿಲಿನ ಸಂಖ್ಯೆ ಏರುವಂತೆ ಮಾಡಿ, ಆ ಸದ್ದನ್ನು ಜೋಡಿಸಿದಳು. ನನ್ನ ಒಂಬೈನೂರು ಪದಗಳಲ್ಲಿ ಉಳಿದದ್ದು ಕೊನೆಯ ಒಂದು ಸಾಲು: ಲಿಫ್ಟ್ ಕೆಟ್ಟು ಇಂದಿಗೆ ನೂರ ಹದಿನೆಂಟು ದಿನ.

ಸಂಪಾದಕರು ನಿಂತೇ ನೋಡಿದರು. ಆಮೇಲೆ ಕುರ್ಚಿ ಎಳೆದು ಕೂತು ಇನ್ನೊಮ್ಮೆ ಹಾಕಿಸಿದರು. ನಿಧನ ವಾರ್ತೆಗೆ ಬೇರೆ ಯಾರನ್ನಾದರೂ ನೋಡೋಣ ಎನ್ನುತ್ತಾ ಎದ್ದುಹೋದರು. ಹೋದ ಜೀವ ಬಂದಂತಾಯಿತು. ಹುಡುಗಿಗೆ ಥ್ಯಾಂಕ್ಸ್ ಹೇಳಿ ನನ್ನ ಫೋನು ವಾಪಸು ಪಡೆದೆ.

ಮನೆಗೆ ಬರುವಷ್ಟರಲ್ಲಿ ಹೆಂಡತಿ ವಿಡಿಯೊ ನೋಡಿಯಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ನನ್ನ ವರದಿಯ ತಲೆಬರಹ ದಾಟಿ ಓದಿದವಳಲ್ಲ. ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು:

“ಅಲ್ಲಾರೀ, ಆ ಅಜ್ಜಿಗೆ ವಯಸ್ಸೆಷ್ಟಂತೆ?”