ಅಮ್ಮ ಸುತ್ತಿದ ಕೊನೆಯ ಜೋಡಿ

ಆ ಮನೆಯಲ್ಲಿ ಅಮ್ಮ ಒಂದು ಬೆರಳು ಎತ್ತಿದರೆ ಸಾಕು, ಒಲೆಯ ಮೇಲಿನ ಹಾಲೂ ಉಕ್ಕುವ ಮುನ್ನ ಯೋಚಿಸಬೇಕಿತ್ತು. ಬೆರಳು ಮೇಲಿದೆ ಎಂದರೆ ಎಣಿಕೆ ನಡೆದಿದೆ ಎಂದರ್ಥ. ಹಳೆಯ ಹೊಲಿಗೆ ಯಂತ್ರದ ಪೆಡಲಿಗೆ ಅಪ್ಪ ಜೋಡಿಸಿಕೊಟ್ಟಿದ್ದ ಸುತ್ತುವ ಯಂತ್ರದ ಮುಂದೆ ಕೂತು ಅವಳು ಕೂದಲೆಳೆಯಂಥ ತಾಮ್ರದ ತಂತಿ ಸುತ್ತುತ್ತಿದ್ದಳು. ಒಂದು ಪದರ ತಂತಿ, ಅದರ ಮೇಲೊಂದು ಕಾಗದ, ಮತ್ತೆ ಒಂದು ಪದರ ತಂತಿ. ನಡುವೆ ಯಾರಾದರೂ ಮಾತಾಡಿಸಿ ಎಣಿಕೆ ತಪ್ಪಿತೋ, ಅವತ್ತಿನ ಅಡುಗೆಗೆ ಉಪ್ಪು ಬೀಳುತ್ತಿರಲಿಲ್ಲ.

"ವಾಲ್ವು ವಾಲ್ವು ಅಂತ ನಿಮ್ಮಪ್ಪ ಕುಣೀತಾರೆ. ವಾಲ್ವು ಅಂಗಡೀಲಿ ಸಿಗುತ್ತೆ ಕಣೇ. ಈ ಟ್ರಾನ್ಸ್‌ಫಾರ್ಮರ್ ಯಾವ ಅಂಗಡೀಲಿ ಸಿಗುತ್ತೆ ಹೇಳು?" ಎಂದು ಮಗಳಿಗೆ ಹೇಳುವಳು.

ಮಾತು ಸುಳ್ಳಲ್ಲ. ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವುಗಳಿಂದ, ಹಾಡಿನ ದನಿ ಹಿಗ್ಗಿಸುವ ಆಂಪ್ಲಿಫೈಯರ್ ಕಟ್ಟುವುದು ಅಪ್ಪನ ಕಸುಬು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಆದರೆ ವಾಲ್ವು ಹೊರಡಿಸಿದ ಶಕ್ತಿ ಸ್ಪೀಕರಿಗೆ ದಾಟುವುದು ಆ ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಮೂಲಕ. ಅದು ಅಮ್ಮನ ಪಾಲಿನ ಕೆಲಸ. ಕಟ್ಟಿ ಮುಗಿದ ಸೆಟ್ಟನ್ನು ಇಬ್ಬರೂ ಒಂದು ಸಂಜೆ ಕೂತು ಕೇಳುವರು. ಅಮ್ಮ "ಹೂಂ" ಅಂದರೆ ಮಾತ್ರ ಅದು ಗಿರಾಕಿಯ ಮನೆ ಸೇರುವುದು.

ಅಮ್ಮ ಹೋದಳು. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿದರು. ಅವಳು ಸುತ್ತಿಟ್ಟಿದ್ದ ಟ್ರಾನ್ಸ್‌ಫಾರ್ಮರುಗಳು ಒಂದೊಂದಾಗಿ ಖಾಲಿಯಾಗಿ, ಎಡ ಬಲದ ಸ್ಪೀಕರಿಗೆ ಒಂದೊಂದರಂತೆ ಒಂದೇ ಒಂದು ಜೋಡಿ ಉಳಿಯಿತು. ಅಪ್ಪ ಅದನ್ನು ಅವಳ ಉಣ್ಣೆಯ ಶಾಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟ. ಎಷ್ಟು ಸುತ್ತು, ಎಷ್ಟು ಪದರ ಎಂಬ ಲೆಕ್ಕ ಅವಳ ಬೆರಳಿನಲ್ಲಿತ್ತು. ಬೆರಳಿನ ಜೊತೆಗೇ ಹೋಯಿತು. "ಕೇಳಿ ಇಟ್ಕೋಬೇಕಿತ್ತು" ಎಂದು ಅಪ್ಪ ಒಮ್ಮೆ ಅಂದವನು ಮತ್ತೆ ಆ ಮಾತೆತ್ತಲಿಲ್ಲ.

ಕೊನೆಯ ಜೋಡಿ ಬೀರುವಿನಿಂದ ಹೊರಬಂದದ್ದು ಹಲ್ಲು ಡಾಕ್ಟರು ಕೇಳಿದ ಸೆಟ್ಟಿಗಾಗಿ. ಅಪ್ಪನಿಗಿಂತ ಚಿಕ್ಕವರು, ದೊಡ್ಡ ದನಿಯವರು, ಅಮ್ಮನಿದ್ದಾಗ ಆ ಸಂಜೆಗಳಲ್ಲಿ ಮೂರನೆಯವರಾಗಿ ಬಂದು ಕಣ್ಣು ಮುಚ್ಚಿ ಕೂರುತ್ತಿದ್ದವರು. "ನಾನು ಹಲ್ಲಾದ್ರೂ ಮರಗಟ್ಟಿಸಿ ಕೀಳ್ತೀನಿ ಕಣ್ರೀ, ಮಾತನ್ನ ಮರಗಟ್ಟಿಸದೇ ಆಡಿಬಿಡ್ತೀನಿ" ಎಂದು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುವರು. ಹಾಸ್ಯವಾದರೂ ನಿಜ. ಕೇಳಿದ್ದರಲ್ಲಿ ಕುಂದಿದ್ದರೆ ಮುಲಾಜಿಲ್ಲದೆ ಹೇಳಿಬಿಡುವ ಮನುಷ್ಯ.

ಮಗಳು ಅಂಜುತ್ತಿದ್ದದ್ದು ಅದಕ್ಕೇ.

ಅಪ್ಪನ ಕಿವಿ ಹೋಗಿತ್ತು. ಪೂರ್ತಿ ಅಲ್ಲ. ತಗ್ಗಿನ ಸದ್ದು, ಮಧ್ಯದ ಸದ್ದು ಚೆನ್ನಾಗಿಯೇ ಕೇಳುತ್ತಿತ್ತು. ಮೇಲಿನ ಸಣ್ಣ ದನಿಗಳು ಮಾತ್ರ ಒಂದೊಂದೇ ದೀಪ ಆರಿದ ಹಾಗೆ ಆರಿಹೋಗಿದ್ದವು. ಅದು ಅವನಿಗೇ ಗೊತ್ತಿರಲಿಲ್ಲ. ತನ್ನ ಸೆಟ್ಟುಗಳು ಮಂಕಾಗಿವೆ ಎಂದುಕೊಂಡು, ಮೆಣಸಿನಕಾಳಿನಷ್ಟೇ ಇರುವ ಕೆಪಾಸಿಟರ್ ಎಂಬ ಬಿಡಿಭಾಗವನ್ನು ಬದಲಾಯಿಸಿ ಬದಲಾಯಿಸಿ ಮೇಲಿನ ದನಿಯನ್ನು ಏರಿಸುತ್ತಿದ್ದ. ಅವನಿಗೆ ಹಿತವಾಗುವ ಹೊತ್ತಿಗೆ ಬೇರೆಯವರಿಗೆ ಕಿವಿಯಲ್ಲಿ ಸೂಜಿ ಆಡಿಸಿದಂತಾಗುತ್ತಿತ್ತು. ಗಿರಾಕಿಯೊಬ್ಬರು ಸೆಟ್ಟು ವಾಪಸು ತಂದಾಗ, "ಅವರ ಮನೆ ಗೋಡೆ ಸರಿಯಿಲ್ಲ" ಎಂದು ಅಪ್ಪ ನಕ್ಕ. ಮಗಳು ನಗಲಿಲ್ಲ. ಅವನು ಸಂಜೆ ನಡೆದಾಡಲು ಹೋದಾಗ ಕಂಪ್ಯೂಟರಿಗೆ ಜೋಡಿಸಿ ಅಳೆದು ನೋಡಿದಳು. ಪರದೆಯ ಮೇಲಿನ ಗೆರೆ, ಮೇಲಿನ ದನಿಗಳಿರುವ ಕೊನೆಯಲ್ಲಿ, ಹಾವು ಹೆಡೆ ಎತ್ತಿದಂತೆ ನಿಂತಿತ್ತು.

ಅಂದಿನಿಂದ ಅದೇ ಪರಿಪಾಠವಾಯಿತು. ಅಪ್ಪ ಕಟ್ಟುವುದು, ಅವನು ಹೊರಗೆ ಹೋದಾಗ ಮಗಳು ಅಳೆದು, ಆ ಮೆಣಸಿನಕಾಳನ್ನು ಕಿತ್ತು ಸರಿಯಾದದ್ದನ್ನು ಬೆಸೆದು, ಹೆಡೆ ಮಡಿಸುವುದು. ಹೇಳಿಬಿಡಬಹುದಿತ್ತು. ಅಮ್ಮ ಹೋದ ಮೇಲೆ ಅಪ್ಪನನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಆ ಮುಂದಿನ ಕೋಣೆಯೊಂದೇ. ಅದನ್ನೂ ಕಿತ್ತುಕೊಳ್ಳುವುದು ಹೇಗೆ?

ಗುಟ್ಟು ಉಳಿಯಲು ಅವಳ ದನಿಯೂ ನೆರವಾಗಿತ್ತು. ಹುಟ್ಟಿನಿಂದ ಮೆಲುದನಿ ಅವಳದು. ಅಪ್ಪ "ಆಂ?" ಅಂದಾಗಲೆಲ್ಲ ತಪ್ಪು ಅವಳದೇ ಆಗುತ್ತಿತ್ತು.

"ಬಾಯಲ್ಲಿ ನೀರು ತುಂಬ್ಕೊಂಡು ಮಾತಾಡ್ತೀಯಲ್ಲೇ. ಇರುವೆಗೂ ನಿನ್ನ ಮಾತು ಕೇಳಿಸಲ್ಲ."

"ಇರುವೆ ಜೊತೇನೂ ನಾನು ಜಾಸ್ತಿ ಮಾತಾಡಲ್ಲ ಬಿಡು."

"ಆಂ?"

"ಏನಿಲ್ಲಪ್ಪ."

ಡಾಕ್ಟರು ಬಂದು ಕೇಳಬೇಕಾದ ದಿನ ಅಪ್ಪ ಮಧ್ಯಾಹ್ನವೇ ಕ್ಷೌರಕ್ಕೆ ಹೊರಟ. ಹೋಗುವಾಗ ಸೆಟ್ಟಿನ ಮೇಲೆ, ಅಮ್ಮನ ಟ್ರಾನ್ಸ್‌ಫಾರ್ಮರುಗಳ ಮೇಲೆ ಅಂಗೈಯಿಟ್ಟು, "ಇವತ್ತು ನಿಮ್ಮಮ್ಮ ಹಾಡ್ತಾಳೆ ನೋಡು" ಅಂದ. ಮಗಳು ಬಾಗಿಲು ಹಾಕಿಕೊಂಡು ಕಂಪ್ಯೂಟರ್ ತೆರೆದಳು.

ಕಂಪ್ಯೂಟರು ತನ್ನ ಪಾಡಿಗೆ ತಾನು ಅಪ್‌ಡೇಟ್ ಆಗಿ ಹೊಸ ರೂಪ ತಳೆದು ಕೂತಿತ್ತು. ಅಳೆಯುವ ಸೌಂಡ್ ಕಾರ್ಡಿನ ಪುಟ್ಟ ಪೆಟ್ಟಿಗೆಯನ್ನು ಸಿಕ್ಕಿಸಿದರೆ, ಇದು ಯಾರೋ ನನಗೆ ಗೊತ್ತಿಲ್ಲ ಎಂದಿತು. ಎರಡರ ನಡುವೆ ದುಭಾಷಿಯಂತೆ ನಿಲ್ಲುವ ಡ್ರೈವರ್ ಹೊಸ ವ್ಯವಸ್ಥೆಗೆ ಹೊಂದುತ್ತಿರಲಿಲ್ಲ. ತಯಾರಕರು ಆ ಪೆಟ್ಟಿಗೆಯನ್ನೇ ಕೈಬಿಟ್ಟಿದ್ದರು. ಅವಳು ತೆಗೆದಳು, ಹಾಕಿದಳು, ಕಂಪ್ಯೂಟರನ್ನು ಆರಿಸಿ ಹೊತ್ತಿಸಿದಳು. ಯಾರೋ ಪುಣ್ಯಾತ್ಮ ಎಲ್ಲೋ ಉಳಿಸಿಟ್ಟಿದ್ದ ಬಹಳ ಹಳೆಯ ಡ್ರೈವರೊಂದು ಸಿಕ್ಕಿತು. ಅದನ್ನು ಹಾಕಿದ ಮೇಲೆ ಪೆಟ್ಟಿಗೆಯ ಹಸಿರು ದೀಪ ಕಣ್ಣು ಬಿಟ್ಟಿತು.

ಅಷ್ಟರಲ್ಲಿ ಅಪ್ಪ ಬಂದೇಬಿಟ್ಟ. "ಡಾಕ್ಟ್ರು ಬರೋವರೆಗೂ ಬೆನ್ನು ಚಾಚ್ತೀನಿ" ಎಂದು ಪಕ್ಕದ ಕೋಣೆಗೆ ಹೋಗಿ ಮಲಗಿದ. ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ.

ಅಳತೆಯ ಸದ್ದು ತಗ್ಗಿನಿಂದ ಶುರುವಾಗಿ ಮೇಲಕ್ಕೇರುತ್ತದೆ. ಮೇಲಿನದು ಅಪ್ಪನಿಗೆ ಕೇಳದು, ತಗ್ಗಿನದು ಕೇಳುತ್ತದೆ. ಎದ್ದು ಬಂದು ಏನಿದು ಎಂದರೆ? ಸ್ಪೀಕರಿನ ತಂತಿಯನ್ನೇ ಬಿಚ್ಚಿಬಿಟ್ಟರೆ ಸದ್ದೇ ಬರುವುದಿಲ್ಲ. ಗೆರೆ ಪಕ್ಕಾ ಬಾರದಿದ್ದರೂ ಅಂದಾಜು ಸಿಕ್ಕೀತು.

ಸ್ಪೀಕರ್ ಇಲ್ಲದೆ ವಾಲ್ವಿನ ಸೆಟ್ಟನ್ನು ನುಡಿಸಬಾರದು. ಆ ಮನೆಯ ಮಕ್ಕಳು ಬೆಂಕಿ ಮುಟ್ಟಬಾರದು ಎನ್ನುವುದಕ್ಕಿಂತ ಮೊದಲು ಕಲಿಯುವ ಪಾಠ ಅದು. ಶಕ್ತಿಗೆ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಅದು ಟ್ರಾನ್ಸ್‌ಫಾರ್ಮರಿನೊಳಗೇ ತಿರುಗಿಬೀಳುತ್ತದೆ. ಅವಳಿಗೆ ಗೊತ್ತಿತ್ತು. ಆದರೆ ಸದ್ದನ್ನು ತೀರಾ ತಳಕ್ಕಿಟ್ಟರೆ, ಒಂದು ಗಳಿಗೆಗೆ ಏನಾದೀತು? ಪರದೆಯ ಮೇಲಿನ ಗುಂಡಿಯನ್ನು ತಳಕ್ಕೆಳೆದಳು. ಎಡಗಡೆಯ ತಂತಿ ಬಿಚ್ಚಿ, ಅಳತೆಯನ್ನು ಅದೊಂದಕ್ಕೇ ಕಳಿಸಿದಳು.

ಹಳೆಯ ಡ್ರೈವರಿಗೆ ಹೊಸ ಗುಂಡಿಯ ಮಾತು ತಿಳಿಯುತ್ತಿರಲಿಲ್ಲ. ಅದು ತನ್ನಲ್ಲಿದ್ದ ಬಲವನ್ನೆಲ್ಲ ಒಮ್ಮೆಗೇ ಕಳಿಸಿತು.

ಟ್ರಾನ್ಸ್‌ಫಾರ್ಮರಿನೊಳಗೆ ಒಣ ಕಡ್ಡಿ ಮುರಿದಂಥ ಸದ್ದಾಯಿತು. ಸ್ವಿಚ್ಚಿಗೆ ಕೈ ಹೋಗುವಷ್ಟರಲ್ಲಿ ವಾಲ್ವಿನ ಒಡಲು ಕೆಂಪಗಾಗಿ, ಸುಟ್ಟ ವಾರ್ನಿಷಿನ ವಾಸನೆ ಕೋಣೆ ತುಂಬಿತು.

ಕಿವಿ ಮೋಸ ಮಾಡಿದ್ದ ಮನುಷ್ಯನಿಗೆ ಮೂಗು ಮೋಸ ಮಾಡಿರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತಿದ್ದ. ಮೊದಲು ಸೆಟ್ಟನ್ನು ನೋಡಿದ, ಆಮೇಲೆ ನೆಲದ ಮೇಲೆ ಬಿದ್ದಿದ್ದ ಸ್ಪೀಕರಿನ ತಂತಿಯನ್ನು.

"ಯಾಕೆ ಬಿಚ್ಚಿದೆ?"

ಸುಳ್ಳು ಹುಡುಕಿದಳು, ಸಿಗಲಿಲ್ಲ. "ನಿಂಗೆ ಕೇಳಿಸಬಾರದು ಅಂತ."

"ಆಂ?"

"ನಿಂಗೆ ಕೇಳಿಸಬಾರದು ಅಂತಪ್ಪ."

ಅಪ್ಪ ಬಂದು ಸ್ಟೂಲಿನ ಮೇಲೆ ಕೂತ. ಅವಳು ಹೇಳಿದಳು: ಹಾವಿನ ಹೆಡೆ, ಕೆಪಾಸಿಟರು, ವಾಪಸು ಬಂದ ಸೆಟ್ಟು, ಎಲ್ಲ. ಅವನು ಕಂಪ್ಯೂಟರಿನ ಪರದೆಯನ್ನೇ ನೋಡುತ್ತಿದ್ದ.

"ಬಲಗಡೇದು ಬದುಕಿದೆಯಲ್ಲ. ಅದಕ್ಕೆ ಸ್ಪೀಕರ್ ಇದೆ. ಹಾಕು, ನನಗೆ ಕೇಳಲ್ಲ ಅಂತೀಯಲ್ಲ, ಆ ಸದ್ದು."

"ಬೇಡಪ್ಪ."

"ಹಾಕು ಅಂದೆ."

ಎಡಗಡೆಯ ವಾಲ್ವುಗಳನ್ನು ಕಿತ್ತಿಟ್ಟು ಅವಳು ಮೇಲಿನ ದನಿಯನ್ನು ಮಾತ್ರ ಆಯ್ದು ಹಾಕಿದಳು. ಸ್ಪೀಕರಿನಿಂದ ಅದು ಕೋಣೆಯನ್ನು ಸೀಳಿಕೊಂಡು ಹೊರಟಿತು. ಅವಳ ಹಲ್ಲು ಜುಮ್ಮೆಂದಿತು. ಅಪ್ಪ ತಲೆಯನ್ನು ಸ್ಪೀಕರಿನ ಹತ್ತಿರ ತಂದು, ಕಣ್ಣು ಮುಚ್ಚಿ ಕಾದ. ಕಾದೇ ಇದ್ದ.

"ಹೂಂ, ಹಾಕು" ಅಂದ.

ಬಾಗಿಲು ದಡಾರನೆ ತೆರೆಯಿತು. ಹಲ್ಲು ಡಾಕ್ಟರು ಎರಡೂ ಕಿವಿ ಮುಚ್ಚಿಕೊಂಡು ಹೊಸಿಲಲ್ಲೇ ನಿಂತಿದ್ದರು.

"ಏನ್ರೀ ಇದು! ಜೀವಮಾನವೆಲ್ಲ ಡ್ರಿಲ್ಲಿನ ಸದ್ದು ಕೇಳಿದೀನಿ, ಇದು ಅದರ ಅಪ್ಪ! ಬೀದಿ ತುದಿಗೆ ಕೇಳ್ತಿದೆ, ನಿಲ್ಸಿ ಮಾರಾಯ್ರೇ!"

ಅಪ್ಪ ಕಣ್ಣು ತೆರೆದ. ಡಾಕ್ಟರ ಕೈಗಳನ್ನು ನೋಡಿದ. ಮಗಳನ್ನು ನೋಡಿದ. ತಾನೇ ಕೈಚಾಚಿ ಸ್ವಿಚ್ಚು ಆರಿಸಿದ. ವಾಲ್ವುಗಳ ಕೆಂಡ ನಿಧಾನವಾಗಿ ತಣಿಯಿತು.

"ಇವತ್ತು ಆಗಲ್ಲ ಡಾಕ್ಟ್ರೇ" ಅಂದ. "ಇನ್ನು ಆಗಲ್ಲ."

ಡಾಕ್ಟರು ಬಾಯಿ ತೆರೆದರು. ಸುಟ್ಟ ವಾಸನೆ ಹಿಡಿದು, ಅಮ್ಮನ ಟ್ರಾನ್ಸ್‌ಫಾರ್ಮರನ್ನು ಕಂಡು, ಜೀವನದಲ್ಲಿ ಮೊದಲ ಬಾರಿಗೋ ಏನೋ ಮಾತನ್ನು ನುಂಗಿಕೊಂಡರು. ಚಪ್ಪಲಿ ಮೆಟ್ಟಿಕೊಂಡು ಹೋಗುವಾಗ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು.

ಅಪ್ಪ ಸುಟ್ಟದ್ದನ್ನು ಬಿಚ್ಚಿ ತೆಗೆದ. ಎಸೆಯುತ್ತಾನೇನೋ ಎಂದುಕೊಂಡಳು. ಅವನು ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಸರಿಸಿ, ಕಬ್ಬಿಣದ ತಗಡುಗಳನ್ನು ಕಳಚಿ, ಸುರುಳಿಯನ್ನು ಕದಿರಿಗೆ ಸಿಕ್ಕಿಸಿದ.

"ಬಿಚ್ಚೋಣ. ಎಷ್ಟು ಸುತ್ತು ಅಂತ ಲೆಕ್ಕವಾದ್ರೂ ಸಿಗುತ್ತೆ. ನಾನು ಬಿಚ್ತೀನಿ, ನೀನು ಎಣಿಸು."

"ಲೆಕ್ಕ ಸಿಕ್ಕಿ ಏನಪ್ಪ ಮಾಡೋದು?" ಎಂದು ಕೇಳಲು ಹೊರಟಳು. ಅಪ್ಪ ಒಂದು ಬೆರಳು ಎತ್ತಿದ. ಆ ಮನೆಯಲ್ಲಿ ಆ ಬೆರಳಿಗೆ ಎದುರಾಡಿದವರಿಲ್ಲ.

ಯಂತ್ರ ಹಿಂದಕ್ಕೆ ತಿರುಗತೊಡಗಿತು. ತಂತಿ ಮಿರುಗುತ್ತ ಬಂತು, ಕಾಗದ ಬಂತು, ಮತ್ತೆ ತಂತಿ ಬಂತು. ಒಂದರ ಪಕ್ಕ ಒಂದು, ಎಲ್ಲೂ ಏರಿಲ್ಲ, ಎಲ್ಲೂ ಸಡಿಲವಿಲ್ಲ. ಅಮ್ಮ ಕೂತು ಕೂಡಿಸಿದ ದಿನಗಳೆಲ್ಲ ಹಾಗೆ ಅಪ್ಪನ ಕಾಲ ಬುಡದಲ್ಲಿ ಗೋಜಲಾಗಿ ಬೀಳುತ್ತಿದ್ದವು. ಮಗಳು ತುಟಿಯೊಳಗೇ ಎಣಿಸುತ್ತಿದ್ದಳು. ಒಂದು ಕಾಗದದ ಅಂಚು ಕಂದಾಗಿ ಬಂತು. ಅದರಡಿಯದು ಕಪ್ಪಾಗಿ ಬಂತು. ಅದರಡಿಯ ತಂತಿ ಕೈಗೆ ಬರುವ ಮೊದಲೇ ಪುಡಿಯಾಯಿತು. ಅಲ್ಲಿಂದ ಒಳಗಿನ ಪದರಗಳೆಲ್ಲ ಕರಗಿ ಒಂದೇ ಗಡ್ಡೆ.

ಯಂತ್ರ ನಿಂತಿತು.

"ಎಷ್ಟಾಗಿತ್ತು?" ಅಪ್ಪ ಕೇಳಿದ.

ಅವಳು ಹೇಳಿದಳು.

ಅಪ್ಪ ಅವಳ ತುಟಿಗಳನ್ನೇ ನೋಡುತ್ತಿದ್ದ. ಬಾಯಲ್ಲಿ ನೀರು ತುಂಬಿಕೊಂಡಿದ್ದೀಯಾ ಎಂದು ಈ ಸಲ ಕೇಳಲಿಲ್ಲ. ಅವಳು ಉಸಿರೆಳೆದುಕೊಂಡಳು, ಆ ಮನೆಯಲ್ಲಿ ಎಂದೂ ಎತ್ತದಷ್ಟು ದನಿ ಎತ್ತಿ, ಅದೇ ಲೆಕ್ಕವನ್ನು ಮತ್ತೊಮ್ಮೆ ಹೇಳಿದಳು.